ಸಿಮೆಂಟ್ ಮೂಟೆ ಎಣಿಸಿದ್ದು ಸಾಕು, ನೀರುಣಿಸಿದ ದಿನ ಎಣಿಸೋಣ

ಹೊಸ ಸಿಸಿ ರಸ್ತೆಯಲ್ಲಿ ಮಾರನೇ ದಿನವೇ ಬಿರುಕು ಕಂಡರೆ ಊರಿನವರದು ಒಂದೇ ಮಾತು: 'ಸಿಮೆಂಟ್ ಕಡಿಮೆ ಹಾಕಿದ್ದಾರೆ.' ಗುತ್ತಿಗೆದಾರರದೂ ಒಂದೇ ಮಾತು: 'ಬಿಸಿಲಿಗೆ ಹಂಗಾಗುತ್ತೆ ಬಿಡಿ.' ಎರಡನ್ನೂ ನಾವು ಒಪ್ಪುವುದಿಲ್ಲ.

ಬತ್ತಿದ ಕೆರೆಯಂಗಳ ಬಾಯಿ ಬಿಡುವುದನ್ನು ನೋಡಿದ್ದೀರಲ್ಲ? ಹಸಿ ಕಾಂಕ್ರೀಟೂ ಹಾಗೇ. ಬಿಸಿಲು, ಗಾಳಿಗೆ ಮೇಲಿನ ನೀರು ಆರಿದಂತೆ ಕುಗ್ಗುತ್ತದೆ. ಇನ್ನೂ ಬಲ ಬಾರದ ಮೈ ಆ ಎಳೆತ ತಾಳದೆ ಸೀಳುತ್ತದೆ. ಅದಕ್ಕೆ ಕೆಲವೇ ಗಂಟೆ ಸಾಕು.

ಈಗ ಎಂ-40ರಂಥ ಹೆಚ್ಚು ಬಲದ ಕಾಂಕ್ರೀಟನ್ನೂ ಹಾಕುತ್ತಾರೆ. 'ಇದು ಗಟ್ಟಿ ಮಾಲು, ಇದಕ್ಕೇನು ಆರೈಕೆ' ಎನ್ನುವವರಿದ್ದಾರೆ. ದೊಡ್ಡ ತಪ್ಪು ಇದೇ. ಇಂಥದ್ದರಲ್ಲಿ ಸಿಮೆಂಟ್ ಹೆಚ್ಚು, ನೀರು ಕಡಿಮೆ. ಗಟ್ಟಿಯಾಗುತ್ತಾ ಸಿಮೆಂಟ್ ಒಳಗಿನ ನೀರನ್ನೇ ಹೀರುತ್ತದೆ. ಬಿಸಿಲು ಬೀಳದಿದ್ದರೂ ಒಳಗಿನಿಂದಲೇ ಒಣಗಿ ಕುಗ್ಗುತ್ತದೆ. ಅಂದರೆ, ಮೂಟೆ ಜಾಸ್ತಿ ಸುರಿಸಿದ ಮಾತ್ರಕ್ಕೆ ಬಿರುಕು ತಪ್ಪುವುದಿಲ್ಲ, ಹೆಚ್ಚಲೂಬಹುದು.

ಹಾಗಂತ ಮಿಕ್ಸರಿಗೆ ಕೊಡಗಟ್ಟಲೆ ನೀರು ಸುರಿಯುವುದೂ ತಪ್ಪು. ಬಲ ಹೋಗುತ್ತದೆ, ಒಣಗುವಾಗ ಇನ್ನಷ್ಟು ಕುಗ್ಗುತ್ತದೆ. ನೀರು ಬೇಕಾದದ್ದು ಮೇಲಿನಿಂದ, ಹಾಕಿದ ದಿನದಿಂದಲೇ.

ಇದು ನಮ್ಮ ಸ್ವಂತ ಮಾತಲ್ಲ. ಭಾರತೀಯ ಮಾನಕ ಐಎಸ್ 456 ಹೇಳುವಂತೆ, ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ಮೈ ಹಸಿಯಾಗಿರಬೇಕು. ಬಿಸಿಲ ನಾಡಲ್ಲಿ, ಅಥವಾ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ, ಕನಿಷ್ಠ 10 ದಿನ. ಮೂರನೇ ದಿನ ಟ್ಯಾಂಕರ್ ತಂದು ಒಮ್ಮೆ ಪೈಪ್ ಹಿಡಿದು ಹೋದರೆ ಅದು ಕ್ಯೂರಿಂಗ್ ಅಲ್ಲ, ಬಿಲ್ಲಿಗೆ ಹೊಡೆಸಿಕೊಂಡ ಫೋಟೊ.

'ಕುಡಿಯಲಿಕ್ಕೇ ನೀರಿಲ್ಲ, ರಸ್ತೆಗೆಲ್ಲಿ ತರೋಣ' ಎನ್ನುತ್ತಾರೆ. ಹಾಕಿದ ತಕ್ಷಣ ಪ್ಲಾಸ್ಟಿಕ್ ಹಾಳೆ ಮುಚ್ಚಲಿ. ಮೇಲ್ಮೈ ಬಿಗಿದ ಮೇಲೆ ಒದ್ದೆ ಗೋಣಿಚೀಲ ಹಾಸಿ ಮತ್ತೆ ಹಾಳೆ ಹೊದಿಸಲಿ. ಸ್ವಲ್ಪ ನೀರೇ ಬಹಳ ಹೊತ್ತು ನಿಲ್ಲುತ್ತದೆ. ಸುಡು ಮಧ್ಯಾಹ್ನ ಬಿಟ್ಟು ಸಂಜೆ ಕೆಲಸ ಹಿಡಿಯಲಿ. ಇದಕ್ಕೇನು ಲಕ್ಷ ಬೇಕೇ?

ಕೂದಲೆಳೆ ಬಿರುಕಿಗೆ ರಸ್ತೆ ನಾಳೆಯೇ ಕಿತ್ತು ಬರುವುದಿಲ್ಲ, ನಿಜ. ಆದರೆ ಮಳೆನೀರಿಗೆ ದಾರಿ ತೆರೆಯುವುದು ಅಲ್ಲೇ. ರಿಪೇರಿಗೆ ಮತ್ತೆ ಖರ್ಚಾಗುವುದು ನಮ್ಮದೇ ಹಣ.

ನಿಮ್ಮ ಬೀದಿಗೆ ಕಾಂಕ್ರೀಟ್ ಬಿದ್ದ ದಿನ ಗುರುತು ಹಾಕಿಕೊಳ್ಳಿ. ಹತ್ತು ದಿನ, ದಿನಕ್ಕೊಂದು ಫೋಟೊ ತೆಗೆಯಿರಿ. ಗ್ರಾಮಸಭೆಯಲ್ಲಿ ಅದನ್ನೇ ಮುಂದಿಟ್ಟು ಕೇಳಿ: ನೀರುಣಿಸದ ರಸ್ತೆಗೆ ಪೂರ್ತಿ ಬಿಲ್ಲು ಯಾಕೆ?