ಪಟ್ಟಣಗಳನ್ನು ಅಳೆಯುವ ಕೊಳಗ



ಕಳೆದ ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತವಾಗಿ ನಾವು ರಾಯಚೂರು ತಾಲೂಕಿನ ಯರಗೇರಾ ಗ್ರಾಮಕ್ಕೆ ಹೋಗಿದ್ದೆವು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಮಾರ್ಗದಲ್ಲಿರುವ ಈ ಊರು ಭಕ್ತಿವಂತರ ಊರು. ಒಂದು ರಾತ್ರಿ ಪುರಾಣ ಮುಗಿದು, ಪ್ರಸಾದವಾಗಿ, ಜನರೆಲ್ಲ ತಮ್ಮ ತಮ್ಮ ಮನೆಗಳಿಗೆ ತೆರಳಿದ ಬಳಿಕ ರೈತರೊಬ್ಬರು ನಮ್ಮೆದುರು ಬಂದು ಕುಳಿತರು. ಬಹಳ ಹೊತ್ತು ಹೆಗಲ ಮೇಲಿನ ವಸ್ತ್ರವನ್ನು ಮಡಚುತ್ತ ಬಿಚ್ಚುತ್ತ ಇದ್ದು, ಕೊನೆಗೆ ಕೇಳಿದರು: "ಶಾಸ್ತ್ರಿಗಳೇ, ನೀವು ನಾಲ್ಕು ಊರು ತಿರುಗಿದವರು. ಎಲ್ಲಾದರಕಿಂತ ದೊಡ್ಡ ಪಟ್ಣ ಯಾವುದು ಹೇಳ್ರಿ. ಮಗನ್ನ ಅಲ್ಲಿಗೇ ಕಳಸ್ತೀನಿ."

ವಿಚಾರಿಸಲಾಗಿ ಸಂಗತಿ ತಿಳಿಯಿತು. ಮಗನು ಪಿ.ಯು.ಸಿ. ಮುಗಿಸಿ ಬೆಂಗಳೂರಿಗೇ ಹೋಗಬೇಕೆಂದು ಹಟ ಹಿಡಿದಿದ್ದನು. ಅದಕ್ಕಾಗಿ ಎರಡು ಎಕರೆ ಎರೆಹೊಲವನ್ನು ಮಾರುವ ಮಾತು ನಡೆದಿತ್ತು. ರಾಯಚೂರಿನಲ್ಲಿ ಪದವಿ ಪೂರೈಸಿದ ಹಿರಿಯ ಮಗಳೊಬ್ಬಳಿದ್ದಳು. ಅವಳ ವಿಷಯವೇನೆಂದು ಕೇಳಿದರೆ, "ಆಕಿಗೆ ಸಾಕಾತ್ರಿ, ಬರೋ ವೈಶಾಖದಾಗ ಅಕ್ಕಿಕಾಳು ಹಾಕಿ ಬಿಡ್ತೀವಿ" ಎಂದರು. ನಾವು ಆ ರಾತ್ರಿ ಉತ್ತರ ಕೊಡಲಿಲ್ಲ. ಇಂಥ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟು ಹಿಂದೊಮ್ಮೆ ನಾವು ತಪ್ಪಿದ್ದುಂಟು. ಆ ಮಾತನ್ನು ಮುಂದೆ ನಿವೇದಿಸುತ್ತೇವೆ.

ಯಾವ ಪಟ್ಟಣ ದೊಡ್ಡದು ಎಂಬುದು ಇಂದು ಮನೆಮನೆಯ ಪ್ರಶ್ನೆಯಾಗಿದೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಸಮಾಜದ ಮಕ್ಕಳು ರಜೆಗೆ ಬಂದಾಗ ನ್ಯೂಯಾರ್ಕ್ ಹೆಚ್ಚೋ ಶಿಕಾಗೊ ಹೆಚ್ಚೋ ಎಂದು ವಾದಿಸುವುದನ್ನು ನಾವು ಕೇಳಿದ್ದೇವೆ. ಅಳೆಯುವುದಕ್ಕೆ ಮೊದಲು ಅಳತೆಯ ಕೊಳಗ ಯಾವುದೆಂದು ನಿಶ್ಚಯಿಸಬೇಕಲ್ಲವೇ? ಆ ಕೊಳಗವು ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಇದೆ. ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರದಿಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಗಳು ಹನ್ನೆರಡನೆಯ ಶತಮಾನದ ಕಲ್ಯಾಣ ಪಟ್ಟಣಕ್ಕೆ ಹೋದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದಳು. ಈ ಕಥೆಯನ್ನು ಪುರಾಣದಲ್ಲಿ ಕೇಳದವರು ವಿರಳ.

ಈ ಕಥೆಯಲ್ಲಿ ಪಟ್ಟಣದ ಹಿರಿಮೆಗೆ ಮೂರು ಲಕ್ಷಣಗಳು ದೊರೆಯುತ್ತವೆ. ಬರಿಗೈಯಲ್ಲಿ ಬಂದ ಬಡವನಿಗೆ ಅಲ್ಲಿ ಮಾನದ ಕಾಯಕ ದೊರೆಯಬೇಕು. ತನ್ನ ಅಗತ್ಯ ಮೀರಿದ್ದನ್ನು ಪರರಿಗೆ ಬಿಡುವ ದಾಸೋಹವಿರಬೇಕು. ಇಷ್ಟು ಸಾಕು, ಇಷ್ಟು ಹೆಚ್ಚು ಎಂದು ತಿಳಿಸುವ ಅರಿವು ಇರಬೇಕು. ಈ ಕೊಳಗದಿಂದ ನಮ್ಮ ನಾಡಿನ ಕೆಲವು ಪಟ್ಟಣಗಳನ್ನು ಅಳೆದು ನೋಡೋಣ.

ಮೊದಲಿಗೆ ಬೆಂಗಳೂರು. 1537ರಲ್ಲಿ ಕೆಂಪೇಗೌಡರು ಅದನ್ನು ಕಟ್ಟಿದಾಗ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಏರ್ಪಟ್ಟಿತು. ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಕಾಯಕದ ಹೆಸರನ್ನೇ ಬೀದಿಗೆ ಇಟ್ಟುಕೊಂಡ ಊರು ಅದು. 1909ರಲ್ಲಿ ವಿಜ್ಞಾನ ಮಂದಿರ, 1940ರಲ್ಲಿ ವಿಮಾನ ಕಾರ್ಖಾನೆ, ಅನಂತರ ಕಂಪ್ಯೂಟರ್ ಉದ್ಯಮ ಎಂದು ಕಾಲಕಾಲಕ್ಕೆ ಹೊಸ ಕಾಯಕಗಳು ಅಲ್ಲಿ ಹುಟ್ಟಿದವು. ಕಾಯಕದ ಅಳತೆಯಲ್ಲಿ ಬೆಂಗಳೂರಿನ ಕೊಳಗ ತುಂಬಿ ಚೆಲ್ಲುತ್ತದೆ. ಆದರೆ ನೂರು ಕಿಲೋಮೀಟರು ದೂರದ ಕಾವೇರಿಯ ನೀರನ್ನು ಎತ್ತಿ ತಂದು ಕುಡಿಯುವ ಆ ಮಹಾನಗರದಲ್ಲಿ, ನಮ್ಮ ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೋದ ಕುಟುಂಬಗಳು ಹತ್ತು ಅಂತಸ್ತಿನ ಮನೆ ಕಟ್ಟುತ್ತ, ತಾವು ತಗಡಿನ ನೆರಳಿನಲ್ಲಿ ವಾಸಿಸುವುದನ್ನು ಕಂಡಿದ್ದೇವೆ. ಹೋಗುವವರು ಈ ಎರಡನ್ನೂ ತಿಳಿದು ಹೋಗಬೇಕು.

ಮೈಸೂರನ್ನು ಜನರು ಅರಮನೆಯಿಂದ ಬಲ್ಲರು. ನಮ್ಮಂಥ ಗ್ರಂಥವ್ಯಾಸಂಗಿಗಳಿಗೆ ಆ ಊರು ದೊಡ್ಡದಾಗಿ ಕಾಣುವುದು ಬೇರೊಂದು ಕಟ್ಟಡದಿಂದ. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ತಾಳೆಗರಿಯ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದಾಗ, ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ದೊರೆಯಿತು. 1909ರಲ್ಲಿ ಅದು ಅಚ್ಚಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಇದು ಅರಿವಿನ ಹಿರಿಮೆ.

ವಿಜಾಪುರದ ಗೋಳಗುಮ್ಮಟದಲ್ಲಿ ಒಂದು ಮಾತು ಆಡಿದರೆ ಅದು ಏಳು ಸಲ ಪ್ರತಿಧ್ವನಿಸುತ್ತದೆಂದು ಮಕ್ಕಳನ್ನು ಕರೆದೊಯ್ದು ತೋರಿಸುತ್ತೇವೆ. ಅದೇ ಊರಿನಲ್ಲಿ ವಕೀಲಿ ವೃತ್ತಿಯ ಫ.ಗು. ಹಳಕಟ್ಟಿಯವರಿದ್ದರು. ಮನೆಮನೆಯ ಜಗಲಿಗಳಲ್ಲಿ ಪೂಜೆಗೊಳ್ಳುತ್ತ, ಹುಳು ಹಿಡಿಯುತ್ತಿದ್ದ ವಚನಗಳ ಓಲೆಗರಿಗಳನ್ನು ಅವರು ಊರೂರು ಅಲೆದು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. ಅನಂತರ ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಗುಮ್ಮಟದ ಧ್ವನಿ ಏಳು ಸಲಕ್ಕೆ ನಿಲ್ಲುತ್ತದೆ. ಹಳಕಟ್ಟಿಯವರು ಎತ್ತಿ ಹಿಡಿದ ಶರಣರ ಧ್ವನಿ ಇಂದು ಈ ಪತ್ರಿಕೆಯ ಪುಟಗಳಲ್ಲಿಯೂ ಕೇಳಿಸುತ್ತಿದೆ. ಬಾಡಿಗೆ ಮನೆಯಲ್ಲಿ ಬಾಳಿದ ಒಬ್ಬ ವ್ಯಕ್ತಿಯಿಂದ ಒಂದು ಊರು ದೊಡ್ಡದಾಗಬಲ್ಲದು.

ಧಾರವಾಡ, ಬೆಳಗಾವಿಗಳ ಕಥೆ ದಾಸೋಹದ ಕಥೆ. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಲ್ಲಿನ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಬಡ ವಿದ್ಯಾರ್ಥಿಗಳಿಗೆ ಅನ್ನ ನೀಡಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಯುವ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಶಿಕ್ಷಣಕ್ಕೆಂದು ಬರೆದಿಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಸ್ವಾಮಿಗಳು ಜಾತಿಮತ ನೋಡದೆ ಸಹಸ್ರಾರು ಮಕ್ಕಳಿಗೆ ನಿತ್ಯ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಅರಸರ ಭಂಡಾರದಿಂದಲ್ಲ, ಭಕ್ತರು ಕೊಟ್ಟ ಹಿಡಿ ಜೋಳದಿಂದ ಈ ಊರುಗಳು ವಿದ್ಯಾಕ್ಷೇತ್ರಗಳಾದವು. ಕಲಬುರಗಿಯೂ ಇದೇ ಸಾಲಿಗೆ ಸೇರುತ್ತದೆ. ಶರಣಬಸವೇಶ್ವರರ ದಾಸೋಹದ ಆ ಊರಿನಲ್ಲಿ 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ನಿಜಾಮರ ಆಳಿಕೆಯಲ್ಲಿ ತಾಯ್ನುಡಿಯ ಶಾಲೆಗೂ ಪರದಾಡಿದ ನಮ್ಮ ಭಾಗದ ಮಕ್ಕಳು ವೈದ್ಯರೂ ಎಂಜಿನಿಯರರೂ ಆದುದು ಇಂಥ ಪ್ರಯತ್ನಗಳಿಂದ.

ದಾವಣಗೆರೆಯ ಪಾಠ ಇನ್ನೊಂದು ಬಗೆಯದು. ಹತ್ತಿ ಗಿರಣಿಗಳ ದೆಸೆಯಿಂದ ಅದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ ಊರು ಮುಳುಗಲಿಲ್ಲ. 1958ರಲ್ಲಿಯೇ ಹುಟ್ಟಿದ್ದ ಬಾಪೂಜಿ ವಿದ್ಯಾಸಂಸ್ಥೆಯಂಥವು ಬೆಳೆದು, ಗಿರಣಿಯ ಊರು ಕಾಲೇಜುಗಳ ಊರಾಯಿತು. ಇದಕ್ಕೆ ಪ್ರತಿಯಾಗಿ ಅಮೆರಿಕದ ಡೆಟ್ರಾಯಿಟ್ ನಗರವನ್ನು ನೋಡಿರಿ. ಮೋಟಾರು ಕಾರುಗಳ ತಯಾರಿಕೆಯಿಂದ ಅದು ಜಗತ್ತಿನಲ್ಲಿ ಹೆಸರಾಗಿ, 1950ರಲ್ಲಿ 18 ಲಕ್ಷಕ್ಕೂ ಮೀರಿದ ಜನರನ್ನು ಹೊಂದಿತ್ತು. ಅದೇ ಒಂದು ಕಸುಬನ್ನು ನೆಚ್ಚಿ ಕುಳಿತ ನಗರದ ಜನಸಂಖ್ಯೆ 2010ರ ವೇಳೆಗೆ ಸುಮಾರು 7 ಲಕ್ಷಕ್ಕೆ ಇಳಿದು, 2013ರಲ್ಲಿ ನಗರಾಡಳಿತವೇ ದಿವಾಳಿಯಾಯಿತೆಂದು ನ್ಯಾಯಾಲಯದ ಮೊರೆ ಹೋಯಿತು. ಇಂದಿನ ಸಿರಿಯನ್ನು ಕಂಡು ಊರನ್ನು ದೊಡ್ಡದೆನ್ನುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ನಮ್ಮ ರಾಯಚೂರು? ಬೆಂಗಳೂರಿನ ಮುಂದೆ ಅದೇನು ಎಂದು ನಮ್ಮವರೇ ಕೇಳುತ್ತಾರೆ. ಅಲ್ಲಿನ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಆ ಬೃಹತ್ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಕೋಟೆ ಕಟ್ಟಿಸಿದವರ ಹೆಸರಿನ ಜೊತೆಗೆ ಕಲ್ಲು ಹೊತ್ತವರ ದುಡಿಮೆಯನ್ನೂ ದಾಖಲಿಸಿದ ಕೋಟೆಗಳು ಎಷ್ಟಿವೆ? 1871ರಲ್ಲಿ ಮುಂಬಯಿಯ ಕಡೆಯ ರೈಲು ಮತ್ತು ಮದರಾಸಿನ ಕಡೆಯ ರೈಲು ಒಂದನ್ನೊಂದು ಸಂಧಿಸಿದ್ದು ರಾಯಚೂರಿನಲ್ಲಿ. ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ನಡೆಸಿದ ಊರು ಅದು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಅಲ್ಲಿಯೇ ಜರುಗಿತು. 1985ರಿಂದ ಶಕ್ತಿನಗರದ ವಿದ್ಯುತ್ತು ನಾಡಿನ ದೀಪಗಳನ್ನು ಬೆಳಗಿಸಿದೆ. ಹಟ್ಟಿಯ ಚಿನ್ನ, ತುಂಗಭದ್ರೆಯ ಕಾಲುವೆಯ ಭತ್ತ, ಎರೆಭೂಮಿಯ ಹತ್ತಿ ಇವೆಲ್ಲ ಹೊರಗೆ ಹೋಗುತ್ತವೆ. ಇದನ್ನು ಒಂದು ಬಗೆಯ ದಾಸೋಹವೆಂದೇ ನಾವು ಭಾವಿಸುತ್ತೇವೆ.

ಆದರೆ ಸತ್ಯವನ್ನು ಮುಚ್ಚಿಡಲಾಗದು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಮಹಿಳೆಯರಲ್ಲಿ ನೂರಕ್ಕೆ 49ರಷ್ಟು ಮಂದಿಯೂ ಅಕ್ಷರಸ್ಥರಿರಲಿಲ್ಲ. ರಾಜ್ಯದ ಪ್ರಮಾಣ ಆಗ 68 ಇತ್ತು. ನಾಡಿಗೆ ದೀಪ ಕೊಟ್ಟ ಜಿಲ್ಲೆಯಲ್ಲಿ ಅರ್ಧಕ್ಕೂ ಹೆಚ್ಚು ತಾಯಂದಿರು ಓದಲಾರದೆ ಉಳಿದರು. ಅರಿವಿನ ಕೊಳಗದಲ್ಲಿ ನಾವು ಕಡಿಮೆ ಬಿದ್ದಿದ್ದೇವೆ. ಇದಕ್ಕೆ ಸರಕಾರವನ್ನಷ್ಟೇ ದೂರಿದರೆ ಆಗದು, ನಮ್ಮ ಮನೆಗಳ ನಿರ್ಣಯಗಳೂ ಕಾರಣ.

ಇಲ್ಲಿ ನಮ್ಮ ತಪ್ಪನ್ನು ಹೇಳಬೇಕು. ಅನೇಕ ವರ್ಷಗಳ ಹಿಂದೆ ಒಬ್ಬ ಭಕ್ತರು ತಮ್ಮ ಮಗಳನ್ನು ಓದಲು ಧಾರವಾಡಕ್ಕೆ ಕಳಿಸಲೇ ಎಂದು ನಮ್ಮನ್ನು ಕೇಳಿದ್ದರು. ನಾವು ಹಿಂದುಮುಂದು ನೋಡದೆ, "ಹೆಣ್ಣುಮಗು, ಅಷ್ಟು ದೂರ ಏಕೆ? ಮನೆಯ ಹತ್ತಿರವೇ ಇರಲಿ" ಎಂದೆವು. ಅವರು ನಮ್ಮ ಮಾತನ್ನು ಗುರುವಾಕ್ಯವೆಂದು ಪಾಲಿಸಿದರು. ಹತ್ತಿರದಲ್ಲಿ ಕಾಲೇಜು ಇರಲಿಲ್ಲವಾದ್ದರಿಂದ ಆ ಮಗುವಿನ ವಿದ್ಯೆ ಅಲ್ಲಿಗೇ ನಿಂತಿತು. ಈಚೆಗೆ ಒಂದು ಮದುವೆಯಲ್ಲಿ ಆಕೆ ಸಿಕ್ಕು ನಮಸ್ಕರಿಸಿದಳು. ನಿಂದಿಸಲಿಲ್ಲ. ತನ್ನ ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆಂದಷ್ಟೇ ಹೇಳಿದಳು. ಅದು ನಮಗೆ ನಿಂದೆಗಿಂತ ಹೆಚ್ಚಾಯಿತು.

ಆದ್ದರಿಂದ ಮರುದಿನ ಬೆಳಗ್ಗೆ, ಪೂಜೆ ಮುಗಿದ ಮೇಲೆ, ನಾವೇ ಆ ರೈತರ ಮನೆಗೆ ಹೋದೆವು. ಮೇಲಿನ ಮಾತುಗಳನ್ನೆಲ್ಲ ತಿಳಿಸಿ ಹೀಗೆಂದೆವು: "ಗೌಡರೇ, ಊರು ದೊಡ್ಡದೆಂದು ಮಗನನ್ನು ಕಳಿಸಬೇಡಿರಿ. ಅವನು ಯಾವ ವಿದ್ಯೆ ಬಯಸುತ್ತಾನೆ, ಅದು ಎಲ್ಲಿ ಚೆನ್ನಾಗಿದೆ, ಅಲ್ಲಿ ಪ್ರಸಾದನಿಲಯ ಇದೆಯೇ, ಇಷ್ಟನ್ನು ನೋಡಿರಿ. ಅರ್ಹತೆಯಿಂದ ಸೀಟು ಸಿಕ್ಕರೆ ಬೆಂಗಳೂರಾದರೂ ಸರಿ, ಕಲಬುರಗಿಯಾದರೂ ಸರಿ, ರಾಯಚೂರಾದರೂ ಸರಿ. ಹೊಲ ಮಾರಿ ಸೀಟು ಕೊಳ್ಳುವುದು ಮಾತ್ರ ಬೇಡ. ಇನ್ನು ಮಗಳ ಮಾತು. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದು ಹುಟ್ಟಿದ ವಿಶ್ವವಿದ್ಯಾಲಯ ಎಲ್ಲಿದೆ ಬಲ್ಲಿರಾ? ನಿಮ್ಮ ಯರಗೇರಾದಲ್ಲಿ. ಹಳಕಟ್ಟಿಯವರು ಮನೆ ಮಾರಿ, ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಯಾವುದನ್ನು ಬೇರೆ ಊರುಗಳಿಗೆ ತಂದರೋ ಅದು ನಿಮ್ಮ ಹೊಲದ ಬದುವಿನ ಸಮೀಪಕ್ಕೆ ತಾನಾಗಿ ಬಂದಿದೆ. ದೊಡ್ಡ ಪಟ್ಟಣ ಯಾವುದೆಂದು ನಮ್ಮನ್ನು ಕೇಳುತ್ತೀರಿ, ಮನೆಯ ಮಗಳಿಗೆ ಅಲ್ಲಿಯವರೆಗೆ ನಡೆದು ಹೋಗಲು ಬಿಡಲಾರಿರಿ."

ಅವರು ತಲೆ ತಗ್ಗಿಸಿ ಕುಳಿತರು. ನಾವು ಮುಂದುವರಿಸಿ, "ಮಾರಯ್ಯನ ಅಕ್ಕಿಯನ್ನು ಅಳೆದವಳು ಲಕ್ಕಮ್ಮ. ಕಲ್ಯಾಣದಂಥ ಪಟ್ಟಣಕ್ಕೂ ತಿಳಿಯದ ಅಳತೆ ಆ ಮನೆಯ ಹೆಣ್ಣುಮಗಳಿಗೆ ತಿಳಿದಿತ್ತು. ಅಂಥವಳನ್ನು ಮನೆಯಲ್ಲಿ ಬೆಳೆಸದೆ ಮಗನನ್ನು ಎಷ್ಟು ದೂರ ಕಳಿಸಿದರೇನು?" ಎಂದೆವು.

ಆಗ ಒಳಬಾಗಿಲಲ್ಲಿ ನಿಂತಿದ್ದ ಅವರ ಧರ್ಮಪತ್ನಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ನುಡಿದರು: "ಆಕಿ ಮೊನ್ನೇನ ಅರ್ಜಿ ತುಂಬ್ಯಾಳ್ರಿ ಶಾಸ್ತ್ರಿಗಳೇ. ಇವರಿಗೆ ಹೇಳಿದ್ದಿಲ್ಲ, ಅಷ್ಟ."

ಯಜಮಾನರು ಅಚ್ಚರಿಯಿಂದ ಪತ್ನಿಯ ಮುಖ ನೋಡಿದರು. ಸಿಟ್ಟಾಗುವರೇನೋ ಎಂದು ನಮಗೂ ಅಳುಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು, "ಅರ್ಜಿಗೆ ರೊಕ್ಕ ಎಲ್ಲಿಂದ ತಂದ್ಲು?" ಎಂದು ಕೇಳಿದರು. "ನನ್ನ ಎಮ್ಮಿ ಹಾಲಿನ ರೊಕ್ಕ" ಎಂಬ ಉತ್ತರ ಬಂದಿತು. ಅವರು ಮತ್ತೇನನ್ನೂ ಹೇಳಲಿಲ್ಲ. ಪುರಾಣ ಮಂಗಲದ ದಿನ ಹೊಲದ ವ್ಯವಹಾರವನ್ನು ನಿಲ್ಲಿಸಿರುವುದಾಗಿ ಮಾತ್ರ ನಮಗೆ ತಿಳಿಸಿದರು. ಮಗನ ಹಟ ಇನ್ನೂ ಇಳಿದಿಲ್ಲವಂತೆ. ಅದು ಕಾಲಕ್ರಮದಲ್ಲಿ ಸರಿಹೋದೀತು.

ಪ್ರಿಯ ಬಂಧುಗಳೇ, ನಿಮ್ಮ ಮಕ್ಕಳು ಬೆಂಗಳೂರಿಗೆ ಹೋಗಲಿ, ಅಮೆರಿಕಕ್ಕೂ ಹೋಗಲಿ. ಹೋದ ಊರಿನಲ್ಲಿ ಅವರು ಕಾಯಕವನ್ನು ಕಲಿಯಲಿ, ಹುಟ್ಟಿದ ಊರಿಗೆ ದಾಸೋಹವನ್ನು ಮರೆಯದಿರಲಿ. ಗಂಡುಹೆಣ್ಣೆಂಬ ಭೇದವಿಲ್ಲದೆ ಅವರಿಗೆ ಅರಿವನ್ನು ಕೊಡುವ ಹೊಣೆ ಮಾತ್ರ ಊರಿನದಲ್ಲ, ಮನೆಯದು. ಈ ಹೊಣೆಯನ್ನು ನಿರ್ವಹಿಸುವ ಶಕ್ತಿಯನ್ನು ಭಗವಂತನು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.