ಗೆರೆ ಎಳೆದವರು ಅವರು, ದಾರಿ ತಪ್ಪಿದವರು ನಾವು

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಬಿಳಿಗೆರೆ ಕಡೆಯ ಬಸ್ಸಿಗೆ ಕಾದು ನಿಂತಿದ್ದ ಯಜಮಾನರೊಬ್ಬರನ್ನು ಮೊನ್ನೆ ಮಾತಿಗೆ ಎಳೆದೆ. "ಊರಿನ ಕೆಲಸಕ್ಕೆ ಯಾರ ಹತ್ರ ಹೋಗ್ತೀರಿ?" ಅಂತ ಕೇಳಿದ್ದಷ್ಟೇ. ಒಂದೊಂದೇ ಬೆರಳು ಮಡಚುತ್ತಾ ಲೆಕ್ಕ ಒಪ್ಪಿಸಿದರು. "ಪಹಣಿ ತಿದ್ದಿಸ್ಬೇಕು ಅಂದ್ರೆ ನಂಜನಗೂಡು. ಎಂಎಲ್‌ಎ ಬೇಕು ಅಂದ್ರೆ ವರುಣದೋರು. ಎಂಪಿ ಬೇಕು ಅಂದ್ರೆ ಚಾಮರಾಜನಗರದೋರು. ಡೀಸಿ ಸಾಹೇಬ್ರು ಬೇಕು ಅಂದ್ರೆ ಮೈಸೂರು. ಇರೋನು ನಾನೊಬ್ಬ ಕಣಪ್ಪ, ನನ್ನ ನಾಲ್ಕು ಕಡೀಕೆ ಹಂಚವ್ರೆ."

ತಮಾಷೆ ಅನ್ನಿಸಬಹುದು. ಆದರೆ ಯಜಮಾನರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ತಾಲ್ಲೂಕು ಒಂದು, ವಿಧಾನಸಭಾ ಕ್ಷೇತ್ರ ಇನ್ನೊಂದು, ಲೋಕಸಭಾ ಕ್ಷೇತ್ರ ಪಕ್ಕದ ಜಿಲ್ಲೆಯ ಹೆಸರಿನದು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ನಂಜನಗೂಡು, ತಿ. ನರಸೀಪುರ ಎರಡೂ ಮೈಸೂರು ಜಿಲ್ಲೆಯಲ್ಲೇ ಉಳಿದವು. ಎಂಪಿ ವೋಟು ಮಾತ್ರ ಇವತ್ತಿಗೂ ಚಾಮರಾಜನಗರದ ಪೆಟ್ಟಿಗೆಗೇ ಬೀಳುತ್ತದೆ.

ಇದನ್ನೆಲ್ಲ ಯಾರು ಮಾಡಿದರು, ಯಾವಾಗ ಮಾಡಿದರು, ಆಗ ನಾವೇನು ಮಾಡುತ್ತಿದ್ದೆವು? ಇವತ್ತಿನ ಅಂಕಣದ ಪ್ರಶ್ನೆ ಇದು. ಯಾಕೆಂದರೆ ಗೆರೆ ಎಳೆಯುವ ಸೀಸದಕಡ್ಡಿ ಮತ್ತೆ ಚೂಪಾಗುವ ಕಾಲ ಹತ್ತಿರ ಬಂದಿದೆ.

2008ರಲ್ಲಿ ಆದದ್ದೇನು?

2002ರ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. 2001ರ ಜನಗಣತಿಯ ತಲೆಲೆಕ್ಕ ಮುಂದಿಟ್ಟುಕೊಂಡು ದೇಶದ ಕ್ಷೇತ್ರಗಳ ಗೆರೆಗಳನ್ನು ಅದು ಹೊಸದಾಗಿ ಎಳೆಯಿತು. ಕರ್ನಾಟಕದಲ್ಲಿ 224 ಸ್ಥಾನ 224 ಆಗಿಯೇ ಉಳಿಯಿತು. ಒಳಗಿನ ಗೋಡೆಗಳು ಮಾತ್ರ ಬದಲಾದವು. ಪರಿಶಿಷ್ಟ ಜಾತಿ ಮೀಸಲು 33 ಇದ್ದದ್ದು 36 ಆಯಿತು. ಪರಿಶಿಷ್ಟ ಪಂಗಡ ಮೀಸಲು 2 ಇದ್ದದ್ದು 15 ಆಯಿತು. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ ಈ ಹೊಸ ಗೆರೆಯ ಮೇಲೇ ನಡೆಯಿತು.

ನಮ್ಮ ಸೀಮೆಯಲ್ಲಿ ಒಂದೇ ಏಟಿಗೆ ನಾಲ್ಕು ಬದಲಾವಣೆ. ಸಾಮಾನ್ಯ ಕ್ಷೇತ್ರವಾಗಿದ್ದ ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಪರಿಶಿಷ್ಟ ಜಾತಿ ಮೀಸಲಾಗಿದ್ದ ಹೆಗ್ಗಡದೇವನಕೋಟೆ ಪಂಗಡಕ್ಕೆ ಹೋಯಿತು. ಬನ್ನೂರು ಅನ್ನುವ ಕ್ಷೇತ್ರವೇ ನಕ್ಷೆಯಿಂದ ಅಳಿಸಿಹೋಯಿತು. ಮೈಸೂರು, ನಂಜನಗೂಡು, ತಿ. ನರಸೀಪುರ ಈ ಮೂರು ತಾಲ್ಲೂಕುಗಳ ತುಂಡುಗಳನ್ನು ಸೇರಿಸಿ ವರುಣ ಅನ್ನುವ ಹೊಸ ಕ್ಷೇತ್ರ ಹುಟ್ಟಿತು. ಮೈಸೂರಿನಿಂದ ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರು ವರುಣಾ ಕೆರೆ ದಾಟುವಾಗ ಕಿಟಕಿಯಾಚೆ ನೋಡಿ. ಅಲ್ಲಿ ಬೇಲಿಯೂ ಇಲ್ಲ, ಬೋರ್ಡೂ ಇಲ್ಲ. ಆದರೂ ಒಂದು ಟಿಕೆಟ್ಟಿನಲ್ಲಿ ನೀವು ಎಷ್ಟು ಶಾಸಕರ ಸೀಮೆ ದಾಟುತ್ತೀರಿ ಅನ್ನುವುದು ಕಂಡಕ್ಟರಿಗೂ ಗೊತ್ತಿರಲಿಕ್ಕಿಲ್ಲ.

ಬನ್ನೂರಿನ ಸಂಕಟ ಕೇಳಿ. ಕುರಿಗೆ ಹೆಸರಾದ ಊರು, ದೊಡ್ಡ ಸಂತೆ, ದೊಡ್ಡ ಹೋಬಳಿ. ತನ್ನದೇ ಹೆಸರಿನ ಎಂಎಲ್‌ಎ ಇದ್ದ ಊರು ಅದು. 2008ರ ನಂತರ ತಿ. ನರಸೀಪುರ ಕ್ಷೇತ್ರದ ಒಂದು ಮೂಲೆ. ಹೆಸರು ಹೋದರೆ ಹೋಗಲಿ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಎಂಎಲ್‌ಎ ಅಂದರೆ ಆಸ್ಪತ್ರೆ, ಕಾಲೇಜು, ನಾಲೆ ರಿಪೇರಿಗೆ ಬೆಂಗಳೂರಿನಲ್ಲಿ ಮೇಜು ಕುಟ್ಟುವ ಒಬ್ಬ ಆಸಾಮಿ. ಆ ಮೇಜು ಕುಟ್ಟುವ ಕೈ ಒಂದು ಕಮ್ಮಿಯಾಯಿತು.

ಪಕ್ಕದ ಸಂತೇಮರಹಳ್ಳಿಯದು ಇನ್ನೂ ಸೋಜಿಗ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ್ 40,752 ಮತ, ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದರು. ಒಂದೇ ಒಂದು ವೋಟಿನ ಫೈಸಲು! ಒಂದು ವೋಟಿಗೆ ಎಷ್ಟು ಬೆಲೆ ಅಂತ ರಾಜ್ಯಕ್ಕೆ ಪಾಠ ಹೇಳಿದ ಕ್ಷೇತ್ರ ಅದು. ನಾಲ್ಕೇ ವರ್ಷಕ್ಕೆ ಆ ಕ್ಷೇತ್ರವೂ ಮಾಯ. ವೋಟು ದೊಡ್ಡದು ನಿಜ. ಗೆರೆ ಅದಕ್ಕಿಂತ ದೊಡ್ಡದು.

ಗೆರೆ ಓದಿದವರು ಗೆದ್ದರು

ಆಯೋಗದವರು ಪಕ್ಷ ನೋಡಿ ಗೆರೆ ಎಳೆದರು ಅಂತ ಈ ಅಂಕಣ ಹೇಳುವುದಿಲ್ಲ. ಆದರೆ ಎಳೆದ ಗೆರೆಯನ್ನು ಮೊದಲು ಓದಿದವರು ಯಾರು? ಪಕ್ಷದವರು. ಮತದಾರನ ಕೈಗೆ ನಕ್ಷೆ ಸಿಗುವ ಹೊತ್ತಿಗೆ ಪುಢಾರಿಗಳು ಅದನ್ನು ಬಾಯಿಪಾಠ ಮಾಡಿ ಮುಗಿಸಿದ್ದರು.

ಸಿದ್ದರಾಮಯ್ಯನವರನ್ನೇ ನೋಡಿ. 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಅವರು ಗೆದ್ದದ್ದು ಬರೀ 257 ಮತಗಳಿಂದ. 2008ರಲ್ಲಿ ಹುಟ್ಟೂರು ಸಿದ್ದರಾಮನಹುಂಡಿ ಹೊಸ ವರುಣ ಕ್ಷೇತ್ರದೊಳಗೆ ಬಂತು. ಅಲ್ಲಿಗೇ ಹೋಗಿ ನಿಂತರು, ಗೆದ್ದರು. 2013ರಲ್ಲಿ ಅಲ್ಲಿಂದಲೇ ಗೆದ್ದು ಮುಖ್ಯಮಂತ್ರಿಯಾದರು. 2018ರಲ್ಲಿ ಮಗ ಯತೀಂದ್ರರಿಗೆ ವರುಣ ಬಿಟ್ಟುಕೊಟ್ಟು ಮತ್ತೆ ಚಾಮುಂಡೇಶ್ವರಿಗೆ ಹೋದರು. ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತರು. 2023ರಲ್ಲಿ ವರುಣಕ್ಕೆ ವಾಪಸ್ ಬಂದು ವಿ. ಸೋಮಣ್ಣನವರನ್ನು ಸೋಲಿಸಿ ಎರಡನೇ ಸಲ ಮುಖ್ಯಮಂತ್ರಿಯಾದರು. ಒಬ್ಬನೇ ಮನುಷ್ಯ, ಅದೇ ಮೈಸೂರು ಸೀಮೆ. ಗೆರೆಯ ಈ ಕಡೆ ನಿಂತರೆ ಗೆಲುವು, ಆ ಕಡೆ ನಿಂತರೆ ಸೋಲು.

ನಂಜನಗೂಡಿನಲ್ಲೂ ಹೀಗೇ. ಚಾಮರಾಜನಗರದಿಂದ ಹಲವು ಸಲ ಲೋಕಸಭೆಗೆ ಹೋಗಿದ್ದ ವಿ. ಶ್ರೀನಿವಾಸ ಪ್ರಸಾದ್ ಅವರು ಕ್ಷೇತ್ರ ಮೀಸಲಾದ 2008ರಲ್ಲಿ ಇಲ್ಲಿಂದ ವಿಧಾನಸಭೆಗೆ ಗೆದ್ದರು. 2013ರಲ್ಲೂ ಗೆದ್ದು ಮಂತ್ರಿಯಾದರು. ಮಂತ್ರಿಗಿರಿ ಹೋದ ಮೇಲೆ 2016ರಲ್ಲಿ ರಾಜೀನಾಮೆ ಬಿಸಾಕಿ ಬಿಜೆಪಿಗೆ ಹೋದರು. 2017ರ ಏಪ್ರಿಲ್ ಉಪಚುನಾವಣೆಯಲ್ಲಿ ಇದೇ ಜನ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿಯವರನ್ನು ಕಳಿಸಿದರು. 2018ರಲ್ಲಿ ಬಿಜೆಪಿ, 2023ರಲ್ಲಿ ಮತ್ತೆ ಕಾಂಗ್ರೆಸ್. ಅಂದರೆ ಗೆರೆ ಎಳೆದ ಮಾತ್ರಕ್ಕೆ ಮತದಾರ ಯಾರ ಜೇಬಿಗೂ ಬೀಳುವುದಿಲ್ಲ ಅನ್ನುವುದೂ ಇಲ್ಲೇ ರುಜುವಾತಾಗಿದೆ.

ಮೀಸಲಾಯಿತು ಅಂತ ಅಂಗಡಿ ಕಟ್ಟೆಯಲ್ಲಿ ಗೊಣಗುವವರಿಗೂ ಒಂದು ಮಾತು. ಪರಿಶಿಷ್ಟರ ಪ್ರಮಾಣ ಹೆಚ್ಚಿರುವ ಕಡೆ ಮೀಸಲು ಇಡಬೇಕು ಅಂತ ಕಾಯ್ದೆಯಲ್ಲೇ ಇದೆ. ದೇವನೂರ ಮಹಾದೇವರ ದೇವನೂರು ಇರುವುದು ಇದೇ ನಂಜನಗೂಡು ತಾಲ್ಲೂಕಿನಲ್ಲಿ. ಎಪ್ಪತ್ತರ ದಶಕದ ದಲಿತ ಸಂಘರ್ಷ ಸಮಿತಿಯ ಹಾಡು, ಜಾಥಾ ಕಂಡ ನೆಲ ಇದು. ತಕರಾರು ಮೀಸಲಾತಿಯ ಮೇಲಲ್ಲ. ಗೆರೆ ಬೀಳುವಾಗ ಪೇಟೆಯವರಿಗೂ ಗೊತ್ತಾಗಲಿಲ್ಲ, ಕೇರಿಯವರಿಗೂ ಗೊತ್ತಾಗಲಿಲ್ಲ ಅನ್ನುವುದರ ಮೇಲೆ.

ಹಲ್ಲಿ ಆಕಾರದ ಕ್ಷೇತ್ರ

ಬೇರೆ ಕಡೆ ಗೆರೆಯ ಜಗಳ ಬೀದಿಗೇ ಬಂದಿದೆ. ಅಮೆರಿಕದಲ್ಲಿ 1812ರಷ್ಟು ಹಿಂದೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರ್ರಿ ತನ್ನ ಪಕ್ಷಕ್ಕೆ ಅನುಕೂಲವಾಗುವ ನಕ್ಷೆಗೆ ರುಜು ಹಾಕಿದ. ಅದರಲ್ಲಿ ಒಂದು ಕ್ಷೇತ್ರ ಹಲ್ಲಿಯಂಥ ಪ್ರಾಣಿಯ ಆಕಾರಕ್ಕೆ ತಿರುಗಿತ್ತು. ಪತ್ರಿಕೆಯವರು ಗವರ್ನರ್ ಹೆಸರಿಗೆ ಆ ಪ್ರಾಣಿಯ ಹೆಸರು ಕಟ್ಟಿ 'ಗೆರ್ರಿಮ್ಯಾಂಡರ್' ಅಂದರು. ಅಲ್ಲಿ ಹಲವು ರಾಜ್ಯಗಳಲ್ಲಿ ಗೆರೆ ಎಳೆಯುವವರು ಶಾಸಕರೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. 2025ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ರಿಪಬ್ಲಿಕನ್ ಪಕ್ಷದವರು ಜನಗಣತಿಗೂ ಕಾಯದೆ ನಕ್ಷೆ ಬದಲಿಸಲು ಹೊರಟಾಗ ಎದುರು ಪಕ್ಷದ ಶಾಸಕರು ಕೋರಂ ಮುರಿಯಲು ರಾಜ್ಯ ಬಿಟ್ಟೇ ಹೋದರು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯ ಅದೇ ವರ್ಷ ನವೆಂಬರ್‌ನಲ್ಲಿ ಜನರ ಮತಕ್ಕೆ ಹಾಕಿ ತನ್ನ ನಕ್ಷೆಯನ್ನೂ ಬದಲಿಸಿಕೊಂಡಿತು.

ನಮ್ಮಲ್ಲಿ ಆ ಪರಿಸ್ಥಿತಿ ಇಲ್ಲ. ನ್ಯಾಯಮೂರ್ತಿ, ಚುನಾವಣಾ ಆಯುಕ್ತರು ಕೂತು ಗೆರೆ ಎಳೆಯುತ್ತಾರೆ. ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಒಳ್ಳೆಯ ಏರ್ಪಾಡೇ. ಆದರೆ ಆ ಕೋಣೆಯಲ್ಲಿ ಮಾತಾಡುವ ಹತ್ತು ಜನರೂ ರಾಜಕಾರಣಿಗಳೇ ಅನ್ನುವುದನ್ನು ಮರೆಯಬಾರದು.

ಮನೆ ಬಾಗಿಲ ಗೆರೆ

ದೆಹಲಿಯ ಗೆರೆ ದೂರದ ಮಾತು ಅನ್ನುವವರು ಜಿಲ್ಲಾ ಪಂಚಾಯಿತಿಯ ಗತಿ ನೋಡಲಿ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ನಡೆಸಿ ಅಬ್ದುಲ್ ನಜೀರ್ ಸಾಬರು ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇದು. ಇಂಥ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಆದದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ರಾಜ್ಯ ಚುನಾವಣಾ ಆಯೋಗ ಗೆರೆ ಎಳೆದು ಚುನಾವಣೆಗೆ ಅಣಿಯಾಗಿತ್ತು. ಅಷ್ಟರಲ್ಲಿ ಆಗಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಗೆರೆ ಎಳೆಯುವ ಅಧಿಕಾರವನ್ನು ಆಯೋಗದಿಂದ ಕಿತ್ತುಕೊಂಡಿತು. ಅದಕ್ಕೇ ಅಂತ ಬೇರೊಂದು ಸೀಮಾ ನಿರ್ಣಯ ಆಯೋಗ ಮಾಡಿತು. ಕೇಸು ಹೈಕೋರ್ಟಿಗೆ ಹೋಯಿತು. ವಿಳಂಬಕ್ಕಾಗಿ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರ್ಕಾರ ಬದಲಾಗಿ ಕಾಂಗ್ರೆಸ್ ಬಂತು. ಅಧಿಕಾರದಲ್ಲಿಲ್ಲದಾಗ ಚುನಾವಣೆ ಬೇಕು ಅಂತ ಕೂಗಿದವರು ಕುರ್ಚಿ ಹತ್ತಿದ ಮೇಲೆ ಮೆತ್ತಗಾದರು. 2025 ಮುಗಿಯುವವರೆಗೂ ಮತಪೆಟ್ಟಿಗೆ ಬರಲಿಲ್ಲ.

ಇದರಲ್ಲಿ ಯಾರಿಗೆ ಲಾಭ? ತಾಲ್ಲೂಕು ಪಂಚಾಯಿತಿ ಮೆಂಬರು ಇಲ್ಲದಿದ್ದರೆ ಎಂಎಲ್‌ಎ ಒಬ್ಬನೇ ಯಜಮಾನ. ಯಾವ ಪಕ್ಷದ ಎಂಎಲ್‌ಎ ಆದರೂ ಸರಿ. ಯಾರಿಗೆ ನಷ್ಟ? ಕುಡಿಯುವ ನೀರಿನ ಪೈಪು ಒಡೆದಾಗ ತಾಲ್ಲೂಕು ಕಛೇರಿ ಮುಂದೆ ಒಂಟಿಯಾಗಿ ನಿಲ್ಲುವ ಹಳ್ಳಿಯವನಿಗೆ. ಅಲ್ಲಿ ಸಿಗುವವರು ಆಡಳಿತಾಧಿಕಾರಿ. ಅವರಿಗೆ ಐದು ವರ್ಷಕ್ಕೊಮ್ಮೆ ಇವನ ಮನೆ ಬಾಗಿಲಿಗೆ ಬರುವ ಕಷ್ಟವಿಲ್ಲ.

ಬಸ್ ರೂಟೇ ಸಾಕ್ಷಿ

ಈಗ ಮುಂದಿನ ಮಾತು. ಕ್ಷೇತ್ರಗಳ ಸಂಖ್ಯೆಗೆ ಸಂವಿಧಾನದ 84ನೇ ತಿದ್ದುಪಡಿ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿಯವರೆಗಿನದು. ಜನಗಣತಿಗೆ 2027ರ ಮಾರ್ಚ್ 1ರ ದಿನವನ್ನು ಲೆಕ್ಕಕ್ಕೆ ಹಿಡಿಯಲಾಗುವುದು ಅಂತ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲೇ ಅಧಿಸೂಚನೆ ಹೊರಡಿಸಿತು. ದೆಹಲಿಯಲ್ಲಿ ಕರ್ನಾಟಕದ 28 ಸ್ಥಾನದ ಪಾಲು ಏನಾಗುತ್ತದೋ ಅಂತ ದೊಡ್ಡವರು ಗುದ್ದಾಡುತ್ತಿದ್ದಾರೆ. ಗುದ್ದಾಡಲಿ, ಅದೂ ಬೇಕು. ಆದರೆ ಬಿಳಿಗೆರೆ ಯಾವ ಕಡೆ, ಬನ್ನೂರು ಯಾವ ಕಡೆ ಅಂತ ಕೇಳುವವರು ನಾವೇ ಆಗಬೇಕು.

ಕೇಳಲು ದಾರಿ ಇದೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ನನಗೇ ಅರ್ಥವಾದ ಮೇಲೆ ಎಲ್ಲರಿಗೂ ಅರ್ಥವಾಗುವಂಥದ್ದೇ. 2002ರ ಕಾಯ್ದೆಯಲ್ಲಿ ಎರಡು ವಿಷಯ ನೆನಪಿಡಿ. ಒಂದು, ಆಯೋಗ ಮೊದಲು ಕರಡು ಪ್ರಕಟಿಸಬೇಕು, ಆಕ್ಷೇಪಣೆಗೆ ದಿನ ಗೊತ್ತು ಮಾಡಬೇಕು, ಬಹಿರಂಗ ಸಭೆ ನಡೆಸಬೇಕು. ಎರಡು, ಗೆರೆ ಎಳೆಯುವಾಗ ನದಿ ಗುಡ್ಡ, ತಾಲ್ಲೂಕಿನ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕರ ಅನುಕೂಲ ಇವನ್ನು ಗಮನಿಸಬೇಕು.

ಸಂಪರ್ಕ ಸೌಲಭ್ಯ ಅಂದರೇನು ಸ್ವಾಮಿ? ನೀವು ದಿನಾ ಹತ್ತುವ ಬಸ್ಸು! ನಮ್ಮೂರಿಂದ ಇಂಥ ಪೇಟೆಗೆ ದಿನಕ್ಕೆ ಇಷ್ಟು ಬಸ್ಸು, ಅಂಥ ಪೇಟೆಗೆ ಒಂದೂ ಇಲ್ಲ ಅಂತ ಬರೆದುಕೊಟ್ಟರೆ ಅದು ಗೋಳಾಟವಲ್ಲ, ಕಾಯ್ದೆಗೆ ಒಪ್ಪುವ ಆಧಾರ. ನಿಮ್ಮ ಅಂಗಡಿಗೆ ಯಾವ ಯಾವ ಹಳ್ಳಿಯ ಗಿರಾಕಿ ಬರುತ್ತಾರೆ ಅನ್ನುವ ಲೆಕ್ಕವೂ ಆಧಾರವೇ. ಯಾವ ಹಳ್ಳಿ ಯಾವ ಪೇಟೆಯ ಆಶ್ರಯದಲ್ಲಿದೆ ಅಂತ ಬೆಂಗಳೂರಿನ ನಕ್ಷೆಗಿಂತ ನಿಮ್ಮ ಉದ್ರಿ ಪುಸ್ತಕಕ್ಕೆ ಚೆನ್ನಾಗಿ ಗೊತ್ತು. ಕರಡು ಬಂದ ದಿನ ಗ್ರಾಮ ಪಂಚಾಯಿತಿ ಒಂದು ನಿರ್ಣಯ, ವರ್ತಕರ ಸಂಘ ಒಂದು ಅರ್ಜಿ, ದಲಿತ ಸಂಘಟನೆ, ರೈತ ಸಂಘ ಒಂದೊಂದು ಅರ್ಜಿ ಕೊಡಲಿ. ಒಂದೇ ಅಭಿಪ್ರಾಯ ಇರಬೇಕಿಲ್ಲ. ನಾಲ್ಕು ಅರ್ಜಿ ನಾಲ್ಕು ರೀತಿ ಇದ್ದರೂ ಚಿಂತೆಯಿಲ್ಲ, ಒಂದೂ ಇಲ್ಲದಿರುವುದಕ್ಕಿಂತ ವಾಸಿ. ಅಂತಿಮ ಆದೇಶ ಗೆಜೆಟ್ಟಿನಲ್ಲಿ ಬಂದ ಮೇಲೆ ಅದು ಕಾನೂನೇ. ಆಮೇಲೆ ಧರಣಿ ಕೂತರೂ ಬಂದ್ ಮಾಡಿದರೂ ಗೆರೆ ಅಳಿಸುವುದು ಬಲು ಕಷ್ಟ.

ಬಿಳಿಗೆರೆ ಬಸ್ಸು ಬಂತು. ಯಜಮಾನರು ಟವಲ್ಲು ಕೊಡವಿ ಹತ್ತುವಾಗ ತಿರುಗಿ ನೋಡಿ, "ಮುಂದಿನ್ ಸಲ ಗೆರೆ ಎಳೆಯಾಕ್ ಬಂದ್ರೆ ಪೇಪರ್‌ನಾಗೆ ಹಾಕಪ್ಪ, ನಾನೂ ಬತ್ತೀನಿ" ಅಂದರು. ಹಾಕುವುದು ನಮ್ಮ ಕೆಲಸ, ಹಾಕುತ್ತೇವೆ. ಬರುವುದು ನಿಮ್ಮ ಕೆಲಸ.