‘ಓರಿಯೆಂಟೇಶನ್’ ಮತ್ತು ಕನ್ನಡದ ‘ದಿಕ್ಕು’

ಶಾಲೆ ಕಾಲೇಜುಗಳ ಬಾಗಿಲು ತೆರೆಯಿತೆಂದರೆ ಸೂಚನಾ ಫಲಕದ ಮೇಲೆ ‘ಓರಿಯೆಂಟೇಶನ್’ ಎಂಬ ಶಬ್ದವು ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೂ ಅದೇ, ಹೊಸದಾಗಿ ನೇಮಕಗೊಂಡ ಅಧ್ಯಾಪಕರಿಗೂ ಅದೇ. ಕೆಲವರು ಅದನ್ನು ‘ಅಭಿವಿನ್ಯಾಸ’ವೆಂದೂ ಕೆಲವರು ‘ಪುನಶ್ಚೇತನ’ವೆಂದೂ ಕನ್ನಡಿಸಿದ್ದುಂಟು. ಮೊದಲನೆಯದು ಕೇಳಿದವನಿಗೆ ತಿಳಿಯದು. ಎರಡನೆಯದಂತೂ ಸಲ್ಲದು, ಇನ್ನೂ ಪಾಠವನ್ನೇ ಆರಂಭಿಸದವನಲ್ಲಿ ಮರಳಿ ಚೇತನ ತುಂಬುವುದೆಂದರೇನು?

ಈ ಶಬ್ದದ ಹುಟ್ಟನ್ನು ಅರಸಿದರೆ ಕನ್ನಡಿಗನಿಗೆ ಹಿತವಾದ ಒಂದು ಅಚ್ಚರಿ ಕಾದಿರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಓರಿಯೆನ್ಸ್’ ಎಂದರೆ ಉದಿಸುತ್ತಿರುವುದು. ಸೂರ್ಯನು ಉದಿಸುವ ದಿಕ್ಕಿಗೆ ಅದೇ ಹೆಸರಾಯಿತು. ಅದಕ್ಕೆ ಎದುರಾದ ದಿಕ್ಕಿನ ಹೆಸರು ಬೀಳು, ಮುಳುಗು ಎಂಬರ್ಥದ ಧಾತುವಿನಿಂದ ಬಂದಿದೆ. ಕನ್ನಡದಲ್ಲಿಯೂ ಹಾಗೆಯೇ: ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಒಬ್ಬರು ಇನ್ನೊಬ್ಬರಿಂದ ಕಡ ತಂದದ್ದಲ್ಲ. ಇಬ್ಬರೂ ನೋಡಿದ ಸೂರ್ಯ ಒಬ್ಬನೇ. ಮೂಡಬಿದಿರೆ, ಪಡುಬಿದಿರೆ ಎಂಬ ಊರುಗಳಲ್ಲಿ, ಮೂಡಲಪಾಯ, ಪಡುವಲಪಾಯ ಎಂಬ ಆಟಗಳಲ್ಲಿ ಈ ಎರಡು ಧಾತುಗಳು ಇನ್ನೂ ಜೀವಂತವಾಗಿವೆ. ಸಂಸ್ಕೃತದ ದಾರಿ ಬೇರೆ. ಅಲ್ಲಿ ಸೂರ್ಯನಿಗಿಂತ ಸೂರ್ಯನಿಗೆ ಮುಖಮಾಡಿ ನಿಂತ ಮನುಷ್ಯನೇ ಅಳತೆಗೋಲು. ಅವನ ಮುಂದಿರುವುದು ಪ್ರಾಚಿ, ಬಲಗಡೆಯದು ದಕ್ಷಿಣ, ಹಿಂದಿನದು ಪಶ್ಚಿಮ. ಅವನು ಮುಖ ತಿರುಗಿಸಿದರೆ ಹೆಸರುಗಳೆಲ್ಲ ಕೆಟ್ಟವು. ತಮಿಳರು ನೆಲವನ್ನೇ ನೋಡಿದರು. ಘಟ್ಟದಿಂದ ಕಡಲಿಗೆ ಇಳಿಜಾರಾದ ನಾಡಿನಲ್ಲಿ ಪೂರ್ವವು ‘ಕೆಳಗಿನದು’, ಪಶ್ಚಿಮವು ‘ಮೇಲಿನದು’ ಆಯಿತು.

ಯುರೋಪಿನಲ್ಲಿ ಇಗರ್ಜಿಯನ್ನು ಪೂರ್ವಾಭಿಮುಖವಾಗಿ ಕಟ್ಟುವ ಕ್ರಿಯೆಗೆ ಈ ಶಬ್ದವು ಸಂದಿತು. ಸುಮಾರು 1300ರ ಕಾಲದ, ಇಂಗ್ಲೆಂಡಿನ ಹೆರೆಫರ್ಡ್ ಇಗರ್ಜಿಯ ಭೂಪಟದಲ್ಲಿ ಪೂರ್ವ ದಿಕ್ಕೇ ಮೇಲ್ಗಡೆ ಇದೆ. ಮುಂದೆ ಭೂಪಟದ ನೆತ್ತಿಯನ್ನು ಉತ್ತರವು ಆಕ್ರಮಿಸಿತು. ಆದರೆ ಉತ್ತರವನ್ನು ತೋರುವ ಸೂಜಿಯ ಕೆಲಸಕ್ಕೂ ಪೂರ್ವದ ಹೆಸರೇ ಉಳಿಯಿತು! ಇಂದು ಅಣುಗಳ ಜೋಡಣೆಯನ್ನು ಹೇಳುವ ರಸಾಯನ ಶಾಸ್ತ್ರಜ್ಞನೂ ಇದನ್ನು ಬಳಸುತ್ತಾನೆ. ವೈದ್ಯನ ಬಳಕೆಯಂತೂ ಗಮನಾರ್ಹವಾದುದು. ತಲೆಗೆ ಪೆಟ್ಟಾದ ರೋಗಿಯನ್ನು ಅವನು ಕೇಳುತ್ತಾನೆ: ಇಂದು ಯಾವ ವಾರ? ಇದು ಯಾವ ಸ್ಥಳ? ನೀವು ಯಾರು? ಕಾಲ, ದೇಶ, ವ್ಯಕ್ತಿ ಈ ಮೂರರ ಅರಿವಿದ್ದರೆ ರೋಗಿಗೆ ‘ಓರಿಯೆಂಟೇಶನ್’ ಇದೆಯೆಂದು ಬರೆದುಕೊಳ್ಳುತ್ತಾನೆ.

ಭೂಪಟಕ್ಕೂ ವೈದ್ಯಕ್ಕೂ ‘ದಿಕ್ಕರಿವು’ ಎಂಬ ಶಬ್ದ ಸಾಲಬಹುದು. (ಅಚ್ಚು ಜೋಡಿಸುವವರು ದಕಾರದ ಹೊಟ್ಟೆ ಸೀಳದಂತೆ ನೋಡಿಕೊಳ್ಳಬೇಕು, ಸೀಳಿದರೆ ಅದು ಧಿಕ್ಕಾರದ ಮನೆಗೆ ಹೋದೀತು.) ಶಾಲೆಗೆ ಅಷ್ಟು ಸಾಲದು. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಹೊಸ ವಿದ್ಯಾರ್ಥಿಗಳ ಇಂತಹ ಕಾರ್ಯಕ್ರಮಕ್ಕೆ ‘ದೀಕ್ಷಾರಂಭ’ ಎಂದು ಹೆಸರಿಟ್ಟಿತು. ದೀಕ್ಷೆಯೆಂದರೆ ಏನೆಂಬುದನ್ನು ಬಲ್ಲ ಈ ಪರಿಸರದಲ್ಲಿ, ನಿಯಮಾವಳಿಯನ್ನು ಓದಿ ಫೋಟೋ ತೆಗೆಸಿಕೊಂಡು ಮುಗಿಸುವ ಒಂದು ಮುಂಜಾನೆಗೆ ಆ ಶಬ್ದವು ಭಾರವಾಯಿತೆಂದೇ ಹೇಳಬೇಕು.

ಕನ್ನಡದ ‘ದಿಕ್ಕು’ ಸಂಸ್ಕೃತದಿಂದಲೇ ಬಂದದ್ದು. ಆದರೆ ಇಲ್ಲಿಗೆ ಬಂದ ಮೇಲೆ ಅದಕ್ಕೆ ಕರುಳು ಹುಟ್ಟಿತು. ‘ದಿಕ್ಕು ತಪ್ಪಿದ’ ಎಂದರೆ ದಾರಿ ಕೆಟ್ಟವನು. ‘ದಿಕ್ಕಿಲ್ಲದ’ ಎಂದರೆ ತನ್ನವರೆಂಬವರಿಲ್ಲದವನು. ‘ಅವಳಿಗೆ ಅಣ್ಣನೇ ದಿಕ್ಕಾದ’ ಎಂದು ಹಳ್ಳಿಯ ಮುದುಕಿ ಹೇಳುವಾಗ ಪೂರ್ವ ಪಶ್ಚಿಮಗಳ ಮಾತೇ ಇರುವುದಿಲ್ಲ. ಇಂಗ್ಲಿಷ್ ಶಬ್ದದಲ್ಲಿ ಈ ಎರಡನೆಯ ಅರ್ಥವಿಲ್ಲ. ಶಾಲೆಗೆ ಬೇಕಾದದ್ದು ಅದೇ.

ತಗಡಿನ ಪೆಟ್ಟಿಗೆಯನ್ನು ಹೊತ್ತು ಪ್ರಸಾದ ನಿಲಯದ ಮೆಟ್ಟಿಲ ಬಳಿ ನಿಂತ ಹನ್ನೆರಡು ವರ್ಷದ ಬಾಲಕನನ್ನು ನೆನೆಯಬೇಕು. ಅವನ ತಂದೆ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದಾನೆ. ದಾನಿಗಳ ಔದಾರ್ಯದಿಂದ ಅವನಿಗೆ ಅನ್ನವಿದೆ, ಹಾಸಿಗೆಯಿದೆ. ಆದರೂ ಅಂಥವರಲ್ಲಿ ಕೆಲವರು ಮೊದಲ ತಿಂಗಳಲ್ಲಿಯೇ ಯಾರಿಗೂ ಹೇಳದೆ ಊರಿಗೆ ಮರಳಿಬಿಡುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಕೆಂಪು ಗೆರೆ ಬೀಳುತ್ತದೆ. ಅವರಿಗೆ ಓದು ಹತ್ತಲಿಲ್ಲವೆಂದು ಅಧ್ಯಾಪಕರು ತೀರ್ಮಾನಿಸುತ್ತಾರೆ. ಆ ತೀರ್ಮಾನವು ಎಲ್ಲ ಸಂದರ್ಭಗಳಲ್ಲಿಯೂ ನ್ಯಾಯವಾದುದಲ್ಲ. ರಾತ್ರಿ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು, ಇಂಗ್ಲಿಷ್ ಪಾಠ ತಿಳಿಯದಿದ್ದರೆ ಯಾರ ಬಳಿ ಕೂರಬೇಕು ಎಂಬುದನ್ನು ಅವನಿಗೆ ಹೇಳಿದವರಾರು? ವೇದಿಕೆಯ ಮೇಲಿನ ಭಾಷಣದಲ್ಲಿ ಅದು ಬರುವುದಿಲ್ಲ.

ಈ ಕೆಲಸಕ್ಕೆ ಅಧ್ಯಾಪಕರಿಗಿಂತಲೂ ಯೋಗ್ಯರು ಹಳೆಯ ವಿದ್ಯಾರ್ಥಿಗಳು. ಅದೇ ಮೆಟ್ಟಿಲ ಬಳಿ ನಿಂತು ಕಣ್ಣೊರೆಸಿಕೊಂಡವರು ಅವರಲ್ಲಿ ಅನೇಕರಿದ್ದಾರೆ. ವರ್ಷದ ಮೊದಲ ಭಾನುವಾರ ಊರಿನಲ್ಲಿರುವ ನಾಲ್ವರು ಬಂದು, ಒಬ್ಬೊಬ್ಬರು ಐದೈದು ಮಕ್ಕಳನ್ನು ಕರೆದುಕೊಂಡು ಬಾವಿಯಿಂದ ಗ್ರಂಥಾಲಯದವರೆಗೆ ನಡೆದಾಡಲಿ. ಅಡುಗೆ ಭಟ್ಟರ ಹೆಸರನ್ನೂ ಹೇಳಿಕೊಡಲಿ. ಆ ದಿನಕ್ಕೆ ಏನು ಹೆಸರಿಡಬೇಕೆಂಬ ಚರ್ಚೆಯನ್ನು ಅದಾದ ಮೇಲೆ ನಡೆಸಬಹುದು.